ಯಜಮಾನರು ಶಟ್‌ಡೌನಿಗೆ, ನಾನು ಸಿನಿಮಾಗೆ

ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಶಟ್‌ಡೌನ್ ಇರುತ್ತದೆ. ಕರೆಂಟಿನದ್ದಲ್ಲ, ಯಜಮಾನರದ್ದು. ಇವರು ಇನ್‌ಸ್ಟ್ರುಮೆಂಟೇಶನ್ ಕೆಲಸದವರು. ಅಂಬರನಾಥದ ಆಫೀಸಿನವರು ಇವರನ್ನು ಗುಜರಾತಿನ ದಹೇಜಿಗೆ ಕಳಿಸುತ್ತಾರೆ. ಅಲ್ಲಿನ ಕೆಮಿಕಲ್ ಕಾರ್ಖಾನೆಯಲ್ಲಿ ಕೆಲವು ವಾರ ಉತ್ಪಾದನೆ ನಿಲ್ಲಿಸಿ ವಾಲ್ವು, ಮೀಟರು, ಪೈಪುಗಳನ್ನೆಲ್ಲ ಬಿಚ್ಚಿ ತಪಾಸಣೆ ಮಾಡುತ್ತಾರೆ. ಆ ಮೂರು ವಾರ ಇವರು ದಹೇಜಿನ ಗೆಸ್ಟ್ ಹೌಸಿನಲ್ಲಿ, ನಾನು ವಿಠ್ಠಲವಾಡಿಯ ಎರಡನೇ ಮಹಡಿಯಲ್ಲಿ. ಮಗಳು ಪುಣೆಯ ಹಾಸ್ಟೆಲಿನಲ್ಲಿ. ಅಂದರೆ ಮನೆಯಲ್ಲಿ ಉಳಿಯುವವರು ನಾನು, ಟಿ.ವಿ. ಮತ್ತು ರಿಮೋಟು.

ಲೇಡೀಸ್ ಡಬ್ಬಿಯ ಗೆಳತಿಯರು ಕನಿಕರದಿಂದ ಕೇಳುತ್ತಾರೆ: "ಒಬ್ಬಳೇ ಹೇಗಿರುತ್ತೀಯ? ಬೇಜಾರಾಗುವುದಿಲ್ಲವಾ?" ನಾನೂ ಮುಖವನ್ನು ಸ್ವಲ್ಪ ಸಪ್ಪೆ ಮಾಡಿಕೊಂಡು "ಏನು ಮಾಡುವುದು, ಅವರ ಕೆಲಸವೇ ಹಾಗೆ" ಅನ್ನುತ್ತೇನೆ. ಪರ್ಸಿನ ಚಿಕ್ಕ ಡೈರಿಯಲ್ಲಿ ಆ ಮೂರು ವಾರ ನೋಡಬೇಕಾದ ಸಿನಿಮಾಗಳ ಪಟ್ಟಿ ತಯಾರಿರುತ್ತದೆ. ಯಜಮಾನರ ಬ್ಯಾಗು ತುಂಬುವುದಕ್ಕಿಂತ ಒಂದು ವಾರ ಮೊದಲೇ ಆ ಪಟ್ಟಿ ತುಂಬಿರುತ್ತದೆ.

ಅವರು ಊರಲ್ಲಿಲ್ಲದಾಗ ಸಿನಿಮಾ ನೋಡುವ ಸುಖ ಎಲ್ಲ ಮನೆಗಳಲ್ಲೂ ಇದ್ದದ್ದೇ. ಲೈಟು ಆರಿಸಬಹುದು, ಕಾಲು ಚಾಚಬಹುದು, ಅಳು ಬಂದರೆ ಅಳಬಹುದು, ಹತ್ತು ನಿಮಿಷ ಹಿಂದೆ ಹೋಗಿ ಅದೇ ದೃಶ್ಯವನ್ನು ಮತ್ತೆ ನೋಡಬಹುದು. ನಡುವೆ ಯಾರೂ "ಇವನೇನಾ ಕೊಲೆಗಾರ?" ಎಂದು ಕೇಳುವುದಿಲ್ಲ. ಇದನ್ನೆಲ್ಲ ನೀವೂ ಬಲ್ಲಿರಿ. ನಾನು ಹೇಳಹೊರಟಿದ್ದು ನನ್ನ ಪಟ್ಟಿಯ ವಿಷಯ. ಅದರಲ್ಲಿರುವುದೆಲ್ಲ ಕನ್ನಡ ಸಿನಿಮಾಗಳೇ. ವರ್ಷದ ಉಳಿದ ನಲವತ್ತಾರು ವಾರ ನಮ್ಮ ಹಾಲ್‌ನಲ್ಲಿ ಒಂದೂ ಕನ್ನಡ ಸಿನಿಮಾ ಓಡುವುದಿಲ್ಲ.

ನಮ್ಮ ಯಜಮಾನರು ಸಾತಾರಾ ಕಡೆಯವರು, ಮರಾಠಿಯವರು. ನಾನು ಕುಂದಾಪುರ ಕಡೆಯವಳು. ಡೊಂಬಿವಲಿಯಲ್ಲಿ ಮಾವನ ಮನೆಯಲ್ಲಿದ್ದು ಕೆಲಸಕ್ಕೆ ಹೋಗುತ್ತಿದ್ದಾಗ ಪರಿಚಯವಾಗಿ, 2003ರಲ್ಲಿ ಮದುವೆಯಾಗಿ, ಕಲ್ಯಾಣ್ ದಾಟಿ ವಿಠ್ಠಲವಾಡಿಗೆ ಬಂದೆ. ದೂರದ ಓದುಗರಿಗೆ ಹೇಳುವುದಾದರೆ, ಕಲ್ಯಾಣಿನಲ್ಲಿ ಸೆಂಟ್ರಲ್ ಲೈನು ಎರಡಾಗಿ ಒಡೆಯುತ್ತದೆ. ಒಂದು ಕಸಾರಾ ಕಡೆಗೆ, ಇನ್ನೊಂದು ಕರ್ಜತ್ ಕಡೆಗೆ. ಕರ್ಜತ್ ಲೈನಿನಲ್ಲಿ ಕಲ್ಯಾಣ್ ಆದಮೇಲೆ ಸಿಗುವ ಮೊದಲ ಸ್ಟೇಷನ್ನೇ ವಿಠ್ಠಲವಾಡಿ. ಅದರ ಮುಂದಿನದು ಉಲ್ಲಾಸನಗರ. ಸಣ್ಣ ಸ್ಟೇಷನ್. ಹೆಸರಿನಲ್ಲಿರುವ ವಿಠ್ಠಲ ಯಾರ ಕಡೆಯವನು ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಇಪ್ಪತ್ತು ವರ್ಷಗಳಿಂದ ವಾದವಿದೆ. ಅವರು ಪಂಢರಪುರ ಎಂದರೆ ನಾನು ಪುರಂದರದಾಸರ ಅಂಕಿತ ಎನ್ನುತ್ತೇನೆ. ವಿಠ್ಠಲನನ್ನು ಕರ್ನಾಟಕದವನೆಂದು ಕರೆದವರು ಜ್ಞಾನೇಶ್ವರರೇ ಎಂದು ನೆನಪಿಸಿದಾಗ ಮಾತ್ರ ಅವರು ಚಹಾ ಕೇಳುತ್ತಾರೆ.

ವಾದವೆಲ್ಲ ನಡೆಯುವುದು ಮರಾಠಿಯಲ್ಲಿ. ಮನೆಯ ಭಾಷೆ ಅದೇ. ಟಿ.ವಿ.ಯ ಭಾಷೆ ಬೇರೆ. ಎಂಟು ಗಂಟೆಗೆ ಮರಾಠಿ ಸುದ್ದಿ, ಆಮೇಲೆ ಹಿಂದಿ. ಯಜಮಾನರಿಗೆ 'ಸೌತ್ ಪಿಚ್ಚರ್' ಎಂದರೆ ಪ್ರಾಣ. ಆದರೆ ಸೌತಿನವರೆಲ್ಲ ಹಿಂದಿಯಲ್ಲಿ ಹೊಡೆದಾಡಬೇಕು. ತೆಲುಗಿನದೋ ತಮಿಳಿನದೋ ಕನ್ನಡದ್ದೋ ಎಂಬ ಭೇದ ಅವರಿಗಿಲ್ಲ. ನಾನು ಹೇಳಿದಮೇಲೆ ಯಶ್ ಒಬ್ಬನನ್ನು 'ತುಮ್‌ಚಾ ಯಶ್' ಎಂದು ನನ್ನ ತವರಿನ ಲೆಕ್ಕಕ್ಕೆ ಸೇರಿಸಿದ್ದಾರೆ. ನನಗೆ ಇದರಲ್ಲಿ ದೂರೇನಿಲ್ಲ. ಇಬ್ಬರು ಮೂವರು ಕೂತು ನೋಡುವ ಟಿ.ವಿ.ಯ ಭಾಷೆ ಮನೆಯ ಸಾರಿನ ಖಾರದ ಹಾಗೆ ನಿರ್ಧಾರವಾಗುತ್ತದೆ. ಯಾರಿಗೂ ತೀರಾ ಇಷ್ಟವಿಲ್ಲದಿದ್ದರೂ ಯಾರೂ ತಟ್ಟೆ ಬಿಟ್ಟು ಏಳದಷ್ಟು. ನಮ್ಮ ಹಾಲ್‌ನಲ್ಲಿ ಹಿಂದಿ ಅಂಥ ಖಾರ. ಇಬ್ಬರ ತಾಯಿಭಾಷೆಯೂ ಅಲ್ಲ, ಇಬ್ಬರಿಗೂ ನಡೆಯುತ್ತದೆ. ಮುಂಬೈ, ಪುಣೆ, ದೆಹಲಿ, ಚೆನ್ನೈ ಎಲ್ಲಿದ್ದರೂ ನಮ್ಮಂಥವರ ಮನೆಗಳಲ್ಲಿ ಇಂಥದೊಂದು ಒಪ್ಪಂದ ಇದ್ದೇ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ಕನ್ನಡದವರೇ ಆಗಿದ್ದರೆ ಮಕ್ಕಳ ನೆಪದಲ್ಲಿ ಆ ಒಪ್ಪಂದ ಆಗಿರುತ್ತದೆ.

ಎರಡು ವರ್ಷದ ಹಿಂದಿನವರೆಗೆ ಇದು ನನ್ನ ತಲೆಗೇ ಬಂದಿರಲಿಲ್ಲ. ಆಗ ದಿನಾ ರಾತ್ರಿ ಒಂಬತ್ತಕ್ಕೆ ಅಮ್ಮನ ಫೋನು ಬರುತ್ತಿತ್ತು. ಇಪ್ಪತ್ತು ನಿಮಿಷ ಅಪ್ಪಟ ಕುಂದಾಪ್ರ ಕನ್ನಡ. ಮಳೆ, ಗದ್ದೆ, ಮೀನಿನ ರೇಟು, ಯಾರ ಮನೆಯ ಮದುವೆ, ಯಾರಿಗೆ ಸೊಂಟನೋವು. ಅಮ್ಮ ಹೋದಮೇಲೆ ಆ ಫೋನು ನಿಂತಿತು. ಅಣ್ಣ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸುತ್ತಾನೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ ಕೊಡುತ್ತಾಳೆ. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿದಾಗ ನನ್ನ ಬಾಯಿಂದ ಊರಿನ ಬೈಗುಳವೊಂದು ಹೊರಬಿತ್ತು. ಆಗ ಲೆಕ್ಕ ಹಾಕಿದೆ. ಆ ವಾರ ಮನೆಯೊಳಗೆ ನಾನು ಜೋರಾಗಿ ಆಡಿದ ಕನ್ನಡ ಅದೊಂದೇ, ಅದೂ ಹಾಲಿನ ಜೊತೆಗೆ. ದೇವರ ಮುಂದೆ ಮನಸ್ಸಿನಲ್ಲಿ ಹೇಳಿಕೊಂಡದ್ದು ಬೇರೆ.

ಹಾಗಾಗಿ ಶಟ್‌ಡೌನಿನ ಮೊದಲ ರಾತ್ರಿಗೆ ಒಂದು ಕ್ರಮವಿದೆ. ಡೊಂಬಿವಲಿಯ ಮಂಗಳೂರು ಸ್ಟೋರಿನಿಂದ ತಂದಿಟ್ಟ ಕುಚ್ಚಲಕ್ಕಿಯನ್ನು ಒಲೆಗೇರಿಸುತ್ತೇನೆ. ಚಪಾತಿಗೆ ರಜೆ. ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ತಟ್ಟೆ ಹಿಡಿದು ಸೋಫಾದ ಮೇಲೆ ಕೂತು ಆ್ಯಪ್‌ನಲ್ಲಿ ಪ್ರೊಫೈಲು ಬದಲಿಸುತ್ತೇನೆ. ನಮ್ಮ ಟಿ.ವಿ.ಯಲ್ಲಿ ಮೂವರ ಹೆಸರಿನ ಪ್ರೊಫೈಲೂ ಇದೆ, ಆದರೆ ಎಲ್ಲರೂ ನೋಡುವುದು ಮೊದಲಿರುವ ಯಜಮಾನರ ಹೆಸರಿನದರಲ್ಲಿ. ಅದು ಪರದೆಯ ತುಂಬ ಬಂದೂಕು, ಬುಲೆಟ್ ಬೈಕು, ಧೂಳು ತೋರಿಸುತ್ತದೆ. ನನ್ನ ಹೆಸರು ಒತ್ತಿದರೆ ಮೊದಲ ದಿನ ಮಷೀನಿಗೆ ನನ್ನ ಗುರುತೇ ಹತ್ತುವುದಿಲ್ಲ. ಎರಡು ಕನ್ನಡ ಚಿತ್ರ ನೋಡಿದಮೇಲೆ ಮೂರನೆಯದನ್ನು ಅದೇ ತಂದು ಮುಂದಿಡುತ್ತದೆ. ಮೂರನೇ ವಾರದ ಹೊತ್ತಿಗೆ ಸಾಲಿಗೆ ಸಾಲೇ ಕನ್ನಡ. ಇವರು ಹಿಂದಿರುಗಿದ ರಾತ್ರಿ ಮತ್ತೆ ಬಂದೂಕು.

ಮೂಲ ಭಾಷೆಗೂ ಡಬ್ಬಿಂಗಿಗೂ ಇರುವ ದೂರ ನನಗೆ ಹೊಳೆದದ್ದು 'ಕಾಂತಾರ'ದಿಂದ. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಿಡುಗಡೆಯಾದ ಚಿತ್ರ ಅಕ್ಟೋಬರ್ 14ಕ್ಕೆ ಹಿಂದಿಯಲ್ಲಿ ಬಂತು. ಒಟಿಟಿಗೆ ಬಂದಾಗ ತಮಾಷೆ ನೋಡಿ: ಕನ್ನಡದ್ದು ನವೆಂಬರಿನಲ್ಲಿ ಪ್ರೈಮ್ ವಿಡಿಯೋಗೆ, ಹಿಂದಿಯದ್ದು ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸಿಗೆ. ಒಂದೇ ಚಿತ್ರ ಎರಡು ಅಂಗಡಿಗಳಿಗೆ ಹಂಚಿಹೋಯಿತು. ನಮ್ಮ ಮನೆಯಲ್ಲೂ ಹಾಗೇ ಹಂಚಿಹೋಯಿತು. ಯಜಮಾನರೊಂದಿಗೆ ಕೂತು ಹಿಂದಿಯದ್ದು ನೋಡಿದೆ. ಅವರು ಮೆಚ್ಚಿ ಎರಡು ದಿನ 'ಓ...' ಎಂದು ಬಾತ್‌ರೂಮಿನಲ್ಲಿ ಕೂಗಿದರು. ಮುಂದಿನ ಶಟ್‌ಡೌನಿನಲ್ಲಿ ಒಬ್ಬಳೇ ಕನ್ನಡದ್ದು ನೋಡಿದೆ.

ಆ ಸಿನಿಮಾ ತೆಗೆದದ್ದು ಕುಂದಾಪುರದ ಕೆರಾಡಿಯಲ್ಲಿ, ರಿಷಬ್ ಶೆಟ್ಟರ ಸ್ವಂತ ಊರಲ್ಲಿ. ದೈವ, ಕಂಬಳ, ಬೆಂಕಿ ಎಲ್ಲ ಎರಡು ಭಾಷೆಯಲ್ಲೂ ಒಂದೇ. ಆದರೆ ನಾಯಕನ ತಾಯಿ ಕಮಲ ಇದ್ದಾಳಲ್ಲ, ಮಾನಸಿ ಸುಧೀರ್ ಮಾಡಿದ ಪಾತ್ರ, ಅವಳು ಬಾಯಿ ತೆರೆದು ಮಗನಿಗೆ ಬಯ್ಯತೊಡಗಿದಳು ನೋಡಿ, ನಾನು ಗಂಜಿಯ ತಟ್ಟೆ ಕೆಳಗಿಟ್ಟೆ. ಬಯ್ಯುತ್ತಲೇ ಊಟಕ್ಕೆ ಕರೆಯುವ ಆ ಧಾಟಿ, ಮಾತಿನ ಕೊನೆಯನ್ನು ಎತ್ತಿ ಬಿಡುವ ರೀತಿ, ಎಲ್ಲ ನಮ್ಮ ಅಡುಗೆಮನೆಯದೇ. ಹಿಂದಿಯಲ್ಲಿ ಆಕೆ ಸಿಟ್ಟಿನ ತಾಯಿ ಮಾತ್ರ, ಯಾವ ಊರಿನವಳೂ ಅಲ್ಲ. ಡಬ್ಬಿಂಗಿನವರು ಮಾತನ್ನು ತುಟಿಯ ಚಲನೆಗೆ ಹೊಂದಿಸಬೇಕು, ಇಡೀ ದೇಶಕ್ಕೆ ಅರ್ಥವಾಗಿಸಬೇಕು. ಆ ಕೆಲಸದಲ್ಲಿ ಮೊದಲು ಬಿದ್ದುಹೋಗುವುದು ಊರಿನ ಧಾಟಿ. ಬೆಂಗಳೂರಿನ ಕನ್ನಡವಾದರೂ ಹಿಂದಿಯಲ್ಲಿ ಅಷ್ಟಿಷ್ಟು ಉಳಿದೀತು, ಕುಂದಾಪುರದ್ದು ಉಳಿಯುವುದಿಲ್ಲ. ಆ ರಾತ್ರಿ ಕಮಲ ಬಯ್ಯುವ ದೃಶ್ಯಗಳನ್ನು ಮೂರು ಮೂರು ಸಲ ಹಾಕಿದೆ. ಬಯ್ಸಿಕೊಂಡು ಎಷ್ಟೋ ದಿನವಾಗಿತ್ತು.

ಇಷ್ಟು ಸುಲಭಕ್ಕೆ ಕನ್ನಡ ಸಿನಿಮಾ ಸಿಗತೊಡಗಿದ್ದು ತೀರಾ ಈಚೆಗೆ. ಡೊಂಬಿವಲಿಯ ಮಾವ ಎಪ್ಪತ್ತರ ದಶಕದ ಕಥೆ ಹೇಳುತ್ತಿದ್ದರು. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಸುದ್ದಿಯನ್ನು ಇವರು ಇಲ್ಲಿ ಪೇಪರಿನಲ್ಲಿ ಓದುತ್ತಿದ್ದರಂತೆ. ಆಗ ಮುಂಬೈಯಲ್ಲಿ ದಕ್ಷಿಣದ ಸಿನಿಮಾ ಎಂದರೆ ಮಾಟುಂಗದ ಅರೋರಾ. ಹೆಚ್ಚಿನದೆಲ್ಲ ತಮಿಳು, ಅಪರೂಪಕ್ಕೆ ಕನ್ನಡ. ಕನ್ನಡದ ಚಿತ್ರ ಬಂದಿದೆ ಎಂದು ಯಾರಾದರೂ ಹೇಳಿದರೆ ಹೋಟೆಲಿನ ಹುಡುಗರು, ಬ್ಯಾಂಕಿನವರು, ಮಿಲ್ಲಿನವರು ಲೋಕಲ್ ಹಿಡಿದು ಹೊರಡುತ್ತಿದ್ದರು. ಹೋಗುತ್ತಿದ್ದವರು ಗಂಡಸರೇ. ಹೆಂಗಸರಲ್ಲಿ ಅನೇಕರು ಊರಲ್ಲೇ ಇರುತ್ತಿದ್ದರು. ಆಗಿನ ಮುಂಬೈ ಸಂಸಾರದಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕಡೆ ಇರುವುದೇ ಹೆಚ್ಚು, ಜೊತೆಗಿರುವುದೇ ವಿಶೇಷ.

ಎಂಬತ್ತರ ದಶಕದಲ್ಲಿ ದೂರದರ್ಶನದ ರಾಷ್ಟ್ರೀಯ ಜಾಲದಲ್ಲಿ ರವಿವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಬರುತ್ತಿತ್ತು. ಭಾಷೆಗಳಿಗೆ ಸರದಿ. ಕನ್ನಡದ ಸರದಿಗೆ ವಾರಗಟ್ಟಲೆ ಕಾಯಬೇಕು. ಬರುವುದು ಪ್ರಶಸ್ತಿ ಪಡೆದ ಗಂಭೀರ ಚಿತ್ರ. ಮಾವನ ಮನೆಯಲ್ಲಿ ಅಕ್ಕಪಕ್ಕದ ಕನ್ನಡದವರೆಲ್ಲ ಸೇರಿ ರಾಜಕುಮಾರ್ ಬರಬಹುದೆಂದು ಕಾದು ಕೂತರೆ ಪರದೆಯ ಮೇಲೆ ವಿಧವೆಯೊಬ್ಬಳು ಹತ್ತು ನಿಮಿಷ ಮಾತಿಲ್ಲದೆ ಹೊಳೆಯ ದಂಡೆಯಲ್ಲಿ ನಡೆಯುತ್ತಿದ್ದಳಂತೆ. ಆದರೂ ಯಾರೂ ಏಳುತ್ತಿರಲಿಲ್ಲವಂತೆ. ಕನ್ನಡವಲ್ಲವೇ! 1994ರಲ್ಲಿ ಉದಯ ಟಿ.ವಿ. ಬಂತು. ಆದರೆ ನಮ್ಮ ಬೀದಿಯ ಕೇಬಲ್ಲಿನವನಿಗೆ ಕನ್ನಡದ ಗಿರಾಕಿ ಇದ್ದದ್ದು ನಾನೊಬ್ಬಳೇ. ಒಬ್ಬಳಿಗಾಗಿ ಚಾನೆಲ್ ಹಾಕಲು ಅವನಿಗೇನು ಹುಚ್ಚೆ?

ಬದಲಾವಣೆ ಬಂದದ್ದು 2020ರ ಜುಲೈಯಲ್ಲಿ. ಲಾಕ್‌ಡೌನಿನಲ್ಲಿ ಟಾಕೀಸುಗಳೆಲ್ಲ ಮುಚ್ಚಿದ್ದವು. ಪುನೀತ್ ರಾಜಕುಮಾರರ ಪಿಆರ್‌ಕೆ ಸಂಸ್ಥೆಯ 'ಲಾ' ಜುಲೈ 17ಕ್ಕೆ, 'ಫ್ರೆಂಚ್ ಬಿರಿಯಾನಿ' 24ಕ್ಕೆ ಟಾಕೀಸಿಗೆ ಹೋಗದೆ ನೇರ ಪ್ರೈಮ್‌ಗೆ ಬಂದವು. ಚಿತ್ರಗಳ ಗುಣದ ಮಾತು ಇರಲಿ. ಬೆಂಗಳೂರಿಗೂ ಕುಂದಾಪುರಕ್ಕೂ ವಿಠ್ಠಲವಾಡಿಗೂ ಒಂದು ಕನ್ನಡ ಸಿನಿಮಾ ಒಂದೇ ದಿನ ಬಿಡುಗಡೆಯಾಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮನಿಗೆ ಅಣ್ಣ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದ. ರಾತ್ರಿ ಒಂಬತ್ತರ ಫೋನಿನಲ್ಲಿ ಇಬ್ಬರೂ ಒಂದೇ ಸಿನಿಮಾದ ಬಗ್ಗೆ ಮಾತಾಡಿದೆವು. ಅಮ್ಮನಿಗೆ 'ಫ್ರೆಂಚ್ ಬಿರಿಯಾನಿ'ಯ ತಲೆಬುಡ ಅರ್ಥವಾಗಿರಲಿಲ್ಲ. "ಬಿರಿಯಾನಿ ಎಲ್ಲಿ ಬಂತು?" ಎಂದು ಕೊನೆಯವರೆಗೂ ಕೇಳಿದಳು.

ಈಗ ಪಟ್ಟಿಗೆ ಬರೋಣ. ಗಂಡ ಊರಲ್ಲಿಲ್ಲದಾಗ ನೋಡಲು ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆ. 2023ರಲ್ಲಿ ಎರಡು ಭಾಗವಾಗಿ ಬಂದ ಚಿತ್ರ. ಇನ್ನೊಬ್ಬರ ಅಪರಾಧ ಹೊತ್ತು ಹುಡುಗ ಜೈಲಿನೊಳಗೆ, ಹುಡುಗಿ ಹೊರಗೆ. ಸಮುದ್ರದ ದಂಡೆಯಲ್ಲೊಂದು ಮನೆ ಮಾಡುವ ಕನಸು ಇಬ್ಬರದ್ದೂ. ಮೊದಲ ಭಾಗ ಮುಗಿದಾಗ ರಾತ್ರಿ ಹನ್ನೆರಡು ದಾಟಿತ್ತು. ದಹೇಜ್ ಜೈಲಲ್ಲ, ಅಲ್ಲಿ ಗೆಸ್ಟ್ ಹೌಸಿನ ಊಟ ನಮ್ಮ ಮನೆಯದಕ್ಕಿಂತ ಚೆನ್ನಾಗಿದೆಯೆಂದು ಸ್ವತಃ ಇವರೇ ಹೇಳಿದ್ದಾರೆ. ಆದರೂ ಎದ್ದು ಒಂದು ಮೆಸೇಜು ಹಾಕಿ ಮಲಗಿದೆ. ಬೆಳಿಗ್ಗೆ ಉತ್ತರ ಬಂತು: "ಗ್ಯಾಸ್ ಮುಗಿಯಿತಾ?"

ರೂಪಾ ರಾವ್ ಅವರ 'ಗಂಟುಮೂಟೆ' (2019) ತೊಂಬತ್ತರ ದಶಕದ ಹೈಸ್ಕೂಲು ಹುಡುಗಿಯೊಬ್ಬಳ ಕಣ್ಣಿಂದ ಕಂಡ ಪ್ರೀತಿಯ ಕಥೆ. ನಾನು ಓದಿದ್ದೂ ಅದೇ ಕಾಲದಲ್ಲಿ. ಮಂಸೋರೆಯವರ 'ನಾತಿಚರಾಮಿ' (2018) ಗಂಡ ಸತ್ತ ತರುಣಿಯೊಬ್ಬಳ ದೇಹದ ಆಸೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುತ್ತದೆ. ಅತ್ತೆ ಬಂದಿದ್ದಾಗ ಹಾಲ್‌ನಲ್ಲಿ ಹಾಕುವಂಥದ್ದಲ್ಲ. ಸಿಂಧು ಶ್ರೀನಿವಾಸಮೂರ್ತಿ ಅವರ 'ಆಚಾರ್ & ಕೋ' (2023) ಹಳೆಯ ಬೆಂಗಳೂರಿನ ತುಂಬು ಸಂಸಾರದ ಕಥೆ, ನಗುತ್ತ ನೋಡಬಹುದು. ಮೂರರ ನಡುವೆಯೂ ಹೆಣ್ಣುಮಕ್ಕಳಿದ್ದಾರೆ. ಯಜಮಾನರ ಸೌತ್ ಪಿಚ್ಚರಿನಲ್ಲಿ ಹೆಣ್ಣುಮಕ್ಕಳು ಹಾಡಿಗೆ ಬಂದು ಹೋಗುತ್ತಾರೆ. 'ತಿಥಿ' (2016) ಹಾಕಿದ ರಾತ್ರಿ ಮಾತ್ರ ಇಂಗ್ಲಿಷ್ ಸಬ್‌ಟೈಟಲ್ ಬೇಕಾಯಿತು. ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ ಚಿತ್ರ. ಗಡ್ಡಪ್ಪನ ಮಾತು ಕುಂದಾಪುರದವಳಿಗೆ ಅಷ್ಟು ಸಲೀಸಲ್ಲ. ಕನ್ನಡದವಳು ಕನ್ನಡ ಚಿತ್ರವನ್ನು ಇಂಗ್ಲಿಷಿನಲ್ಲಿ ಓದುತ್ತ ನಗುವುದನ್ನು ನೋಡಲು ಮನೆಯಲ್ಲಿ ಯಾರೂ ಇರಲಿಲ್ಲವಲ್ಲ, ಅದೊಂದು ಸಮಾಧಾನ.

ಕೊನೆಯ ವಾರವನ್ನು ಹಳೆಯ ಚಿತ್ರಗಳಿಗೆ ಇಡುತ್ತೇನೆ. ಅವಕ್ಕೆ ದುಡ್ಡು ಕೊಡಬೇಕಿಲ್ಲ, ಬಹಳಷ್ಟು ಯೂಟ್ಯೂಬಿನಲ್ಲೇ ಇವೆ. ಅಮ್ಮನ ಮೆಚ್ಚಿನದು ಪುಟ್ಟಣ್ಣ ಕಣಗಾಲರ 'ಶರಪಂಜರ' (1971), ತ್ರಿವೇಣಿಯವರ ಕಾದಂಬರಿ. ಅಕ್ಕಿ ಆರಿಸುತ್ತ ಅಮ್ಮ ಅದರ ಕಥೆಯನ್ನು ಎಷ್ಟು ಸಲ ಹೇಳಿದ್ದಳೆಂದರೆ ಸಿನಿಮಾ ನೋಡುವ ಮೊದಲೇ ನನಗೆ ಕಲ್ಪನಾ ಉಟ್ಟ ಸೀರೆಗಳ ಬಣ್ಣ ಗೊತ್ತಿತ್ತು. ನೋಡಿದಾಗ ಆಶ್ಚರ್ಯವಾಯಿತು. ಅಮ್ಮ ಹೇಳುತ್ತಿದ್ದುದು ಸೀರೆ, ಸಂಸಾರ, ಕಾವೇರಿಯ ಕಷ್ಟ. ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಗಂಡ ಹೇಗೆ ನಡೆಸಿಕೊಂಡ ಎಂಬ ಭಾಗವನ್ನು ಅಮ್ಮ ಎಂದೂ ಬಿಡಿಸಿ ಹೇಳಿರಲಿಲ್ಲ. ಆ ಭಾಗ ಬಂದಾಗ ಅಕ್ಕಿಯ ಮೊರ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳೆಂದು ಈಗ ನೆನಪಾಗುತ್ತದೆ. ಅದನ್ನು ಕೇಳಲು ಈಗ ಒಂಬತ್ತರ ಫೋನಿಲ್ಲ.

ಒಬ್ಬರೇ ನೋಡುವುದರ ಕಷ್ಟಗಳನ್ನೂ ಹೇಳಬೇಕು. ಮೊದಲನೆಯದು ನಿದ್ದೆ. ತಮ್ಮ ನಿಜವಾದ ಪೈಪೋಟಿ ಜನರ ನಿದ್ದೆಯ ಜೊತೆಗೆ ಎಂದು ನೆಟ್‌ಫ್ಲಿಕ್ಸಿನ ರೀಡ್ ಹೇಸ್ಟಿಂಗ್ಸ್ 2017ರಲ್ಲೇ ಹೇಳಿದ್ದರು. ನನ್ನ ಮಟ್ಟಿಗೆ ಆ ಪೈಪೋಟಿಯಲ್ಲಿ ಗೆದ್ದವರು ಅವರೇ. ಮಾರನೇ ಬೆಳಿಗ್ಗೆ ಠಾಣೆಯವರೆಗೆ ಲೋಕಲಿನಲ್ಲಿ ನಿಂತೇ ತೂಕಡಿಸುವ ವಿದ್ಯೆ ಕಲಿತಿದ್ದೇನೆ. ಇನ್ನೊಂದು ಕಷ್ಟ ದೊಡ್ಡದು. ಸಿನಿಮಾ ಮುಗಿದು ಪರದೆಯ ಮೇಲೆ ಹೆಸರುಗಳು ಮೇಲೇರುವಾಗ ಯಾರಿಗಾದರೂ ಹೇಳಬೇಕೆನಿಸುತ್ತದೆ, ಹೇಳಲು ಯಾರೂ ಇರುವುದಿಲ್ಲ. ಮೊದಮೊದಲು ನಾನು ಅದನ್ನು ನುಂಗಿಕೊಂಡು ಮಲಗುತ್ತಿದ್ದೆ. ಈಗ ಮರುದಿನ ಯಜಮಾನರ ಫೋನಿಗೆ ಇಟ್ಟುಕೊಳ್ಳುತ್ತೇನೆ. ಅವರು ಡ್ಯೂಟಿ ಮುಗಿಸಿ ಫೋನು ಮಾಡುವುದು ಒಂಬತ್ತರ ಸುಮಾರಿಗೇ. "ನಿನ್ನೆ ಏನು ನೋಡಿದೆ?" ಎಂದು ಕೇಳುತ್ತಾರೆ. ನಾನು ಕಥೆಯನ್ನು ಮರಾಠಿಯಲ್ಲಿ ಹೇಳುತ್ತೇನೆ. ಮೊದಲು ಉಪಚಾರಕ್ಕೆ ಹೂಂ ಎನ್ನುತ್ತಿದ್ದವರು 'ಸಪ್ತ ಸಾಗರ'ದ ನಡುವೆ ನಾನು ಕುಕ್ಕರು ಆರಿಸಲು ಎದ್ದು ಹೋದಾಗ ಲೈನು ಹಿಡಿದೇ ಕೂತಿದ್ದರು. ಹಿಂದಿರುಗಿದರೆ ಕೇಳಿದರು: "ಮಗ್ ಪುಢೆ ಕಾಯ್ ಝಾಲಂ?" ಆಮೇಲೆ ಏನಾಯಿತು?

ಕಥೆ ಹೇಳುವಾಗ ಕೆಲವು ಮಾತಿಗೆ ನನಗೆ ಮರಾಠಿ ಸಿಗುವುದಿಲ್ಲ. ಆಗ ಕನ್ನಡದಲ್ಲೇ ಹೇಳಿ ಅರ್ಥ ಬಿಡಿಸುತ್ತೇನೆ. 'ಹಂಬಲ' ಎಂಬ ಪದವನ್ನು ಅವರಿಗೆ ತಿಳಿಸಲು ಐದು ನಿಮಿಷ ಬೇಕಾಯಿತು. ಇಪ್ಪತ್ತು ವರ್ಷ ಜೊತೆಗಿದ್ದಾಗ ಕಲಿಸದಷ್ಟು ಕನ್ನಡವನ್ನು ಅವರು ದಹೇಜಿನಲ್ಲಿದ್ದಾಗ ಫೋನಿನಲ್ಲಿ ಕಲಿಸಿದ್ದೇನೆ.

ಇದರ ಜೊತೆಗೆ ಕೆಳಗಿನ ಮನೆಯ ಸಿಂಧಿ ಅಜ್ಜಿಯ ವಿಷಯ ಹೇಳಬೇಕು. ನಮ್ಮ ಪಕ್ಕದ ಉಲ್ಲಾಸನಗರ ದೇಶವಿಭಜನೆಯ ಕಾಲದ ಸಿಂಧಿ ನಿರಾಶ್ರಿತರ ಶಿಬಿರದಿಂದ ಬೆಳೆದ ಊರು. ಕಲ್ಯಾಣ್ ಕ್ಯಾಂಪ್ ಎಂಬ ಮಿಲಿಟರಿ ಜಾಗಕ್ಕೆ 1949ರಲ್ಲಿ ಉಲ್ಲಾಸನಗರ ಎಂದು ಹೆಸರಾಯಿತು. ಮಗ ಸೊಸೆ ಊರಲ್ಲಿಲ್ಲದ ದಿನ ಅಜ್ಜಿಯ ಮನೆಯಿಂದ ಸಿಂಧಿ ಹಾಡು ಕೇಳಿಸುತ್ತದೆ. ಒಂದು ಸಂಜೆ ನಾನೊಬ್ಬಳೇ ಇದ್ದೇನೆಂದು ಕರೆದು ಕೂರಿಸಿಕೊಂಡು ಮೊಬೈಲಿನಲ್ಲಿ 'ಅಬಾನಾ'ದ ತುಣುಕು ತೋರಿಸಿದರು. 1958ರ ಸಿಂಧಿ ಚಿತ್ರ, ಹಿಂದಿಯಲ್ಲಿ ನಾಯಕಿಯಾಗುವ ಮೊದಲು ಸಾಧನಾ ಅದರಲ್ಲಿ ನಟಿಸಿದ್ದರು. ನನಗೆ ಒಂದಕ್ಷರ ತಿಳಿಯಲಿಲ್ಲ, ಅಜ್ಜಿ ಪ್ರತಿ ಸಾಲಿಗೂ ತಲೆದೂಗಿದರು. "ಮಗ ಇರುವಾಗ ಯಾಕೆ ಹಾಕುವುದಿಲ್ಲ?" ಎಂದೆ. "ಅವರಿಗೆ ಬೋರಾಗುತ್ತದೆ ಬೇಟಾ" ಎಂದರು, ಏನೂ ವಿಶೇಷವಲ್ಲವೆಂಬಂತೆ. ಸಿಂಧಿ 1967ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ಆದರೆ ಅದಕ್ಕೆ ನಮ್ಮ ದೇಶದಲ್ಲಿ ರಾಜ್ಯವಿಲ್ಲ, ಹಿಂದಿರುಗಲು ಊರಿಲ್ಲ. ನನಗೆ ಕುಂದಾಪುರವಿದೆ, ಟಿಕೆಟು ತೆಗೆದರೆ ಮರುದಿನ ಬೆಳಿಗ್ಗೆ ಇಳಿಯಬಹುದು. ಆದರೂ ಕೆಳಗಿನ ಮನೆಯಲ್ಲಿ ಅಜ್ಜಿ, ಮೇಲಿನ ಮನೆಯಲ್ಲಿ ನಾನು, ಇಬ್ಬರೂ ಮನೆಯವರು ಹೊರಗೆ ಹೋಗುವುದನ್ನೇ ಕಾದು ನಮ್ಮ ನಮ್ಮ ಭಾಷೆಯನ್ನು ಹೊರಗೆ ತೆಗೆಯುತ್ತಿದ್ದೆವು. ಅದು ನನಗೆ ಸರಿ ಕಾಣಲಿಲ್ಲ. ಅಜ್ಜಿಗೆ ಎಂಬತ್ತು ದಾಟಿದೆ. ಅವರ ಮೊಮ್ಮಕ್ಕಳಿಗೆ ಆ ಭಾಷೆ ಬರುವುದಿಲ್ಲ. ಮೊಬೈಲಿನ ಸದ್ದು ಸಣ್ಣದಾಗಿಟ್ಟು ನೋಡುವ ಭಾಷೆ ಮನೆಯ ಮಕ್ಕಳ ಕಿವಿಗೆ ಬೀಳುವುದು ಹೇಗೆ?

ಹಾಗಾಗಿ ಕಳೆದ ಶಟ್‌ಡೌನ್ ಮುಗಿಸಿ ಇವರು ಬಂದಮೇಲೆ ಶನಿವಾರದ ರಾತ್ರಿಯನ್ನು ಕೇಳಿ ಪಡೆದೆ. ಸಿನಿಮಾ ಯಾವುದಾದರೂ ಸರಿ, ಆಡಿಯೊ ಮೂಲ ಭಾಷೆಯದ್ದು, ಕೆಳಗೆ ಸಬ್‌ಟೈಟಲ್. ಮರಾಠಿಗೂ ಇದೇ ನಿಯಮ, ಮಲಯಾಳಕ್ಕೂ ಇದೇ. ಮೊದಲ ಶನಿವಾರ 'ಆಚಾರ್ & ಕೋ'. ಇವರು ಅರ್ಧದಲ್ಲಿ ಗ‌ೊರಕೆ. ಎರಡನೆಯ ವಾರ ಮಗಳು ಬಂದಿದ್ದಳು, ಕನ್ನಡದಲ್ಲಿ 'ಕಾಂತಾರ' ಹಾಕಿದೆ. ಸಬ್‌ಟೈಟಲ್ ಓದುವುದು ಇವರಿಗೆ ಕಷ್ಟ, ಓದಿ ಮುಗಿಸುವಷ್ಟರಲ್ಲಿ ಹಂದಿ ಓಡಿಹೋಗಿರುತ್ತದೆ. ಆದರೆ ಕಥೆ ಗೊತ್ತಿದ್ದರಿಂದ ಸ್ವಲ್ಪ ಹೊತ್ತಿಗೆ ಓದುವುದನ್ನೇ ಬಿಟ್ಟು ಕೇಳತೊಡಗಿದರು. ಕಮಲ ಬಯ್ಯುವ ದೃಶ್ಯ ಬಂತು. ಮಗಳು ನಕ್ಕು "ಅಜ್ಜಿ!" ಎಂದಳು. ಇವರೂ ಕತ್ತು ತಿರುಗಿಸಿ ನನ್ನನ್ನು ನೋಡಿದರು. ಫೋನಿನ ಇನ್ನೊಂದು ತುದಿಯ ಆ ಧ್ವನಿಯನ್ನು ಇಪ್ಪತ್ತು ವರ್ಷ ದಿನಾ ಒಂಬತ್ತಕ್ಕೆ ಅವರೂ ಪಕ್ಕದಲ್ಲಿ ಕೂತು ಕೇಳಿದ್ದರಲ್ಲ. ಅರ್ಥವಾಗದಿದ್ದರೂ ಧಾಟಿ ಗೊತ್ತಿತ್ತು.

ಎಲ್ಲ ಶನಿವಾರವೂ ಹೀಗೆ ನಡೆಯುತ್ತದೆಂದು ಹೇಳುವುದಿಲ್ಲ. ಕ್ರಿಕೆಟ್ ಇದ್ದರೆ ಇಲ್ಲ, ನೆಂಟರು ಬಂದರೆ ಇಲ್ಲ. ಸುಸ್ತಾದ ರಾತ್ರಿ ಹಿಂದಿಯ ಬಂದೂಕೇ ಸುಲಭ. ಆದರೂ ನಿಮ್ಮ ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಬಹುಭಾಷೆಯ ಚಿತ್ರ ಹಾಕಿದಾಗ ಆಡಿಯೊ ಯಾವುದಿದೆ ಎಂದು ಮೊದಲು ನೋಡಿ, ಹಿಂದಿಯಿದ್ದರೆ ಬದಲಿಸಿ. ನಿಮ್ಮ ಹೆಸರಿನದೊಂದು ಪ್ರೊಫೈಲು ಮಾಡಿಕೊಳ್ಳಿ. ನಾವು ಯಾವ ಚಿತ್ರವನ್ನು ಯಾವ ಭಾಷೆಯಲ್ಲಿ ಎಷ್ಟು ಹೊತ್ತು ನೋಡಿದೆವೆಂಬ ಲೆಕ್ಕ ಈ ಕಂಪನಿಗಳ ಬಳಿ ಇರುತ್ತದೆ. ಕನ್ನಡದ ಚಿತ್ರಗಳನ್ನು ಕೊಳ್ಳಲು ಒಟಿಟಿಯವರು ಹಿಂದೇಟು ಹಾಕುತ್ತಾರೆಂದು ಚಿತ್ರರಂಗದವರು ಹೇಳುತ್ತಲೇ ಬಂದಿದ್ದಾರೆ. ರಕ್ಷಿತ್ ಶೆಟ್ಟಿಯಂಥವರೇ ತಮ್ಮ 'ಏಕಂ' ಸರಣಿಯನ್ನು 2024ರ ಜುಲೈಯಲ್ಲಿ ಸ್ವಂತ ಜಾಲತಾಣದಲ್ಲಿ ಬಿಡಬೇಕಾಯಿತು. ಕನ್ನಡ ನೋಡುವವರು ಎಲ್ಲಿದ್ದಾರೆ ಎಂದು ಕೇಳುವವರಿಗೆ ಉತ್ತರ ನಾವೇ ಕೊಡಬೇಕು. ನಾವು ಹಿಂದಿಯಲ್ಲಿ 'ಕಾಂತಾರ' ನೋಡಿದರೆ ಅದು ಹಿಂದಿಯ ಲೆಕ್ಕಕ್ಕೇ ಹೋಗುತ್ತದೆ.

ಶನಿವಾರ ಸಿಕ್ಕಿತೆಂದು ನಾನು ಶಟ್‌ಡೌನಿನ ಸುಖ ಬಿಟ್ಟುಕೊಟ್ಟಿಲ್ಲ. ಕಾಲು ಚಾಚಿ, ಗಂಜಿ ಉಂಡು, ಒಬ್ಬಳೇ ಅತ್ತು ನೋಡುವ ಸಿನಿಮಾ ಬೇರೆ, ಜೊತೆಗೆ ನೋಡುವ ಸಿನಿಮಾ ಬೇರೆ. ಎರಡೂ ಬೇಕು. ಮುಂದಿನ ಶಟ್‌ಡೌನ್ ದೀಪಾವಳಿ ಕಳೆದಮೇಲೆ ಎಂದು ಇವರು ಹೇಳುತ್ತಿದ್ದಾರೆ. ಡೈರಿಯಲ್ಲಿ ಏಳು ಹೆಸರು ಸೇರಿವೆ, ಮೂರು ವಾರಕ್ಕೆ ಸಾಲದು. ನಿಮಗೆ ಹಿಡಿಸಿದ ಕನ್ನಡ ಚಿತ್ರಗಳಿದ್ದರೆ ಪತ್ರಿಕೆಗೆ ಬರೆದು ಕಳಿಸಿ. ಕಮಲನ ಹಾಗೆ ಚೆನ್ನಾಗಿ ಬಯ್ಯುವ ತಾಯಂದಿರು ಇರುವ ಚಿತ್ರಗಳಾದರೆ ಮೊದಲ ಆದ್ಯತೆ.